ಆಣೆ ಕಂಬದ ಮೇಲಿನ ಗೀರುಗಳು

ಮೊನ್ನೆ ನನ್ನಾಕೆ ಬಿಸಿ ಹಾಲಿನ ಪಾತ್ರೆಯನ್ನು ಒಲೆಯಿಂದ ಇಳಿಸಿ ಕೈಗೆ ಸಿಕ್ಕಿದ್ದರ ಮೇಲೆ ಇಟ್ಟುಬಿಟ್ಟಳು. ಕೈಗೆ ಸಿಕ್ಕಿದ್ದು ಫ್ರಾನ್ಸ್ ದೇಶದ ಐನೂರು ವರ್ಷ ಹಳೆಯ ಮನೆಯೊಂದರ ಚಿತ್ರವಿದ್ದ ಅಂಚೆ ಕಾರ್ಡು. ನಾನು ಓದುತ್ತ ಓದುತ್ತ ಅಡುಗೆಮನೆಯ ಕಟ್ಟೆಯ ಮೇಲೆ ಮರೆತು ಬಂದಿದ್ದೆ.

"ಅಯ್ಯಯ್ಯೋ, ಅದು ಮನೆ ಕಣೇ!" ಎಂದು ಕೂಗಿದೆ.

"ಪಾತ್ರೆನ ಮನೇಲಲ್ದೆ ಬೀದೀಲಿ ಮಡಗಕ್ಕಾಯ್ತದಾ?" ಎಂದಳು.

ಕೃಷ್ಣರಾಜನಗರದ ಹೆಣ್ಣು, ಮಾತಿನಲ್ಲಿ ಗೆದ್ದವರಿಲ್ಲ. ಪಾತ್ರೆ ಎತ್ತಿ ನೋಡಿದರೆ ಆ ಮನೆಯ ಗೋಪುರದ ಸುತ್ತ ಒಂದು ಹಾಲಿನ ಉಂಗುರ ಬಿದ್ದಿತ್ತು. ಪಂಚೆಯ ಅಂಚಿನಿಂದ ಒರೆಸಿದೆ. ಉಂಗುರ ಹೋಗಲಿಲ್ಲ, ಗೋಪುರದ ಬಣ್ಣ ಸ್ವಲ್ಪ ಹೋಯಿತು.

ಈ ಕಾರ್ಡಿನ ಮನೆಗೆ ಇಂಗ್ಲಿಷಿನಲ್ಲಿ ಮೇನರ್ ಹೌಸ್ ಅನ್ನುತ್ತಾರೆ. ಊಳಿಗಮಾನ್ಯದ ಕಾಲದಲ್ಲಿ ಊರಿನ ಒಡೆಯ ಇರುತ್ತಿದ್ದ ಮನೆ. ಕೃಷ್ಣರಾಜನಗರದ ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಹೇಳಿದಷ್ಟು ವರ್ಷವೂ ಈ ಪಾಠವನ್ನು ಗಂಟಲು ಹರಿಯುವಂತೆ ಹೇಳಿದ್ದೇನೆ. ಪುಸ್ತಕದಲ್ಲಿ ಚಿತ್ರವಿರಲಿಲ್ಲ. ಚಿತ್ರವಿಲ್ಲದ ಪಾಠ ಹುಡುಗರ ತಲೆಗೆ ಹತ್ತುವುದಿಲ್ಲ ನೋಡಿ, ಹಾಗಾಗಿ ಕರಿಹಲಗೆಯ ಮೇಲೆ ನಾನೇ ಬರೆದುಬಿಡುತ್ತಿದ್ದೆ. ಊರಿನ ಒಡೆಯನ ಮನೆ ಅಂದರೆ ನಾನು ಕಂಡಿದ್ದು ಒಂದೇ, ರಾವಂದೂರಿನಿಂದ ಎರಡು ಮೈಲಿ ಆಚೆ ಇದ್ದ ನಮ್ಮ ಮನೆ. ನಮ್ಮ ತಾತ ಅಲ್ಲಿಗೆ ಪಟೇಲರು. ಸರಿ, ನಡುವೆ ತೊಟ್ಟಿ, ಸುತ್ತ ಕಂಬ, ಮುಂದೆ ಜಗಲಿ, ಮೂಲೆಯಲ್ಲಿ ರಾಗಿ ತುಂಬುವ ಹಗೇವು, ಇಷ್ಟನ್ನೂ ಬರೆದು ಕೆಳಗೆ 'ಯೂರೋಪಿನ ಮೇನರ್' ಎಂದು ದಪ್ಪಕ್ಷರದಲ್ಲಿ ಬರೆಯುತ್ತಿದ್ದೆ. ಹುಡುಗರು ಶ್ರದ್ಧೆಯಿಂದ ಇಳಿಸಿಕೊಳ್ಳುತ್ತಿದ್ದರು. ಒಬ್ಬಳು ಪರೀಕ್ಷೆಯಲ್ಲಿ ತುಳಸಿ ಕಟ್ಟೆಯನ್ನೂ ಸೇರಿಸಿದ್ದಳು. ಪೂರ್ತಿ ಅಂಕ ಕೊಟ್ಟೆ.

ಈಗ ಕಾರ್ಡಿನಲ್ಲಿ ನಿಜವಾದದ್ದನ್ನು ನೋಡಿದರೆ ತೊಟ್ಟಿಯೇ ಇಲ್ಲ! ಬೂದು ಬಣ್ಣದ ಕಲ್ಲಿನ ಗೋಡೆ. ಮಗ್ಗುಲಲ್ಲಿ ಒಂದು ದುಂಡನೆಯ ಗೋಪುರ, ಅದರ ಹೊಟ್ಟೆಯೊಳಗೆ ಸುತ್ತಿಕೊಂಡು ಹತ್ತುವ ಮೆಟ್ಟಿಲು. ಕಿಟಕಿಗಳಿಗೆ ಕಲ್ಲಿನದೇ ಅಡ್ಡಪಟ್ಟಿ, ಉದ್ದಪಟ್ಟಿ. ಮಾಡು ಎಷ್ಟು ಕಡಿದಾಗಿದೆಯೆಂದರೆ ಕಾಗೆ ಕೂತರೆ ಜಾರಬೇಕು. ಬಿದ್ದ ಮಳೆಯೆಲ್ಲ ಹೊರಗೆ ಹೋಗುತ್ತದೆ. ನಮ್ಮದೋ, ನಾಲ್ಕು ಕಡೆಯ ನಾಡಹೆಂಚೂ ಒಳಕ್ಕೆ ಇಳಿಬಿದ್ದು, ಮಳೆ ಬಂದರೆ ಮನೆಯ ನಟ್ಟನಡುವೆ ನೀರು. ಅದರಲ್ಲಿ ಕಾಗದದ ದೋಣಿ ಬಿಟ್ಟು ಬೆಳೆದವರು ನಾವು. ಎಷ್ಟು ಸಾವಿರ ಹುಡುಗರಿಗೆ ನಾನು ಫ್ರಾನ್ಸಿನ ಒಡೆಯನ ಮನೆಯೊಳಗೆ ದೋಣಿ ಬಿಡಿಸಿದೆನೋ ಶಿವನೇ ಬಲ್ಲ. ಆ ಪಾಪ ಹೇಗೋ ತೀರುತ್ತದೆ, ಬಿಡಿ. ತೀರದೇ ಇರುವುದು ಇನ್ನೊಂದಿದೆ, ಅದೂ ಮನೆಯದೇ.

ಕಾರ್ಡು ಕಳಿಸಿದಾಕೆ ಕ್ಲೇರ್ ಅಂತ, ಫ್ರಾನ್ಸಿನ ಹೆಂಗಸು. ಆಕೆ ಹೇಳಿದ್ದು, ಆ ಮನೆಯ ಕೆಳಗಿನ ದೊಡ್ಡ ಕೋಣೆಯಲ್ಲಿ ಆಳು ನಿಲ್ಲುವಷ್ಟು ಎತ್ತರದ ಒಲೆಗೂಡಿದೆಯಂತೆ. ಅದರ ಮುಂದೆ ಕೂತು ಒಡೆಯ ಊರವರ ಜಗಳ ಕೇಳಿ ನ್ಯಾಯ ಹೇಳುತ್ತಿದ್ದನಂತೆ. ನಮ್ಮ ಮನೆಯಲ್ಲೂ ನ್ಯಾಯವಾಗುತ್ತಿತ್ತು. ಒಲೆಯ ಮುಂದಲ್ಲ, ಕಂಬದ ಮುಂದೆ.

ತೊಟ್ಟಿಯ ಸುತ್ತ ಎಂಟು ಕಂಬಗಳಿದ್ದವು. ಏಳಕ್ಕೆ ಬಳ್ಳಿ, ಗಿಳಿ, ತಾವರೆ ಎಲ್ಲ ಕೆತ್ತಿತ್ತು. ನಡುಮನೆಯ ಬಾಗಿಲ ಹತ್ತಿರದ ಒಂದು ಮಾತ್ರ ಬೋಳು. ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪದ ದುಂಡು ಕಂಬ, ಕೆತ್ತುತ್ತಿದ್ದ ಆಚಾರಿ ನಡುವೆ ತೀರಿಕೊಂಡನಂತೆ, ಹಾಗೇ ನಿಲ್ಲಿಸಿಬಿಟ್ಟರಂತೆ. ಅದಕ್ಕೆ ಆಣೆ ಕಂಬ ಎಂದು ಹೆಸರು. ಊರಲ್ಲಿ ಯಾರ ಕೋಳಿ ಕಳೆದರೂ, ಯಾರ ಬದು ಒತ್ತರಿಸಿದರೂ ಕೊನೆಗೆ ತಾತ ಹೇಳುತ್ತಿದ್ದದ್ದು ಒಂದೇ ಮಾತು, "ಕಂಬ ಮುಟ್ಟಿ ಯೋಳು." ಅಲ್ಲಿಗೆ ಮುಗಿಯಿತು. ಮುಟ್ಟಿದವರು ಸುಳ್ಳು ಹೇಳುತ್ತಿರಲಿಲ್ಲ, ಸುಳ್ಳು ಹೇಳುವವರು ಮುಟ್ಟುತ್ತಿರಲಿಲ್ಲ. ಸೌತೆಕಾಯಿ ಕದ್ದ ಕೆಂಚಪ್ಪನ ಕತೆ ನಮ್ಮೂರಲ್ಲಿ ಈಗಲೂ ಹೇಳಿಕೊಂಡು ನಗುತ್ತಾರೆ. ಎರಡೂ ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ನಿಂತಿದ್ದನಂತೆ. "ಕಂಬ ಒಂದ್ ಬ್ಯಾಡಿ ಗೌಡ್ರೇ, ಬೇಕಾರೆ ದ್ಯಾವಸ್ಥಾನದಲ್ಲಿ ಕರ್ಪೂರ ಅಚ್ಬುಡ್ತೀನಿ" ಎಂದನಂತೆ.

ಇದೇ ಕಂಬಕ್ಕೆ ಇನ್ನೊಂದು ಕೆಲಸವೂ ಇತ್ತು. ಯುಗಾದಿಯ ಬೆಳಗ್ಗೆ ಎಣ್ಣೆ ನೀರಾಗಿ ಬೇವು ಬೆಲ್ಲ ತಿಂದ ಮೇಲೆ ತಾತ ನನ್ನನ್ನೂ ನನ್ನ ತಂಗಿ ಪುಟ್ಟತಾಯಿಯನ್ನೂ ಆ ಕಂಬಕ್ಕೆ ಒರಗಿಸಿ ನಿಲ್ಲಿಸುತ್ತಿದ್ದರು. ಕಂಬದ ಅಡಿಗಲ್ಲು ಅಗಲವಾಗಿತ್ತು, ಅದರ ಮೇಲೆ ಹತ್ತಿ ನಿಲ್ಲಬೇಕು. ತಲೆಯ ಮೇಲೆ ನನ್ನ ಸ್ಲೇಟನ್ನು ಮಟ್ಟವಾಗಿ ಇಟ್ಟು, ಅದರ ಅಂಚಿಗೆ ಉಳಿಯಿಂದ ಒಂದು ಗೀರು ಹಾಕುತ್ತಿದ್ದರು. ನನ್ನದು ಬರೀ ಗೀರು. ಪುಟ್ಟತಾಯಿಯ ಗೀರಿನ ಮೇಲೆ ಒಂದು ಚುಕ್ಕಿ, ಹೆಣ್ಣುಮಗು ಅಂತ ಕುಂಕುಮದ ಲೆಕ್ಕಕ್ಕೆ.

ಅಜ್ಜಿಗೆ ಇದು ಕಿಂಚಿತ್ತೂ ಹಿಡಿಸುತ್ತಿರಲಿಲ್ಲ. "ಬೆಳೆಯೋ ಮಕ್ಕಳ್ನ ಅಳೀಬಾರ್ದು ಕಣ್ರೀ, ದಿಷ್ಟಿ ಆಯ್ತದೆ" ಎಂದು ಅಡುಗೆಮನೆಯಿಂದಲೇ ಪ್ರತಿವರ್ಷ ಕೂಗುತ್ತಿದ್ದಳು. ಒಬ್ಬಟ್ಟಿನ ಹೂರಣ ರುಬ್ಬುತ್ತಿರುತ್ತಿದ್ದಳು, ಎದ್ದು ಬಂದು ತಡೆಯಲು ಪುರುಸೊತ್ತಿರುತ್ತಿರಲಿಲ್ಲ. ತಾತ ನಗುತ್ತಿದ್ದರು.

ನಾನು ಗಿಡ್ಡ. ಹೇಳಿಕೊಳ್ಳಲು ಈಗೇನೂ ನಾಚಿಕೆಯಿಲ್ಲ, ಹುಡುಗರು ನನ್ನನ್ನು ಬೆನ್ನ ಹಿಂದೆ 'ಪಾವು ಮೇಷ್ಟ್ರು' ಎನ್ನುತ್ತಿದ್ದದ್ದೂ ಗೊತ್ತು. ಸೇರೂ ಅಲ್ಲ, ಪಾವು. ಆದರೆ ಹತ್ತನೇ ವಯಸ್ಸಿನಲ್ಲಿ ಅದು ಸಣ್ಣ ಸಂಕಟವಲ್ಲ. ಪುಟ್ಟತಾಯಿ ನನಗಿಂತ ಎರಡು ವರ್ಷ ಚಿಕ್ಕವಳು. ಹುರುಳಿ ಬಳ್ಳಿಯ ಹಾಗೆ ಬೆಳೆಯುತ್ತಿದ್ದಳು. ಪ್ರತಿ ಯುಗಾದಿಗೂ ಅವಳ ಗೀರು ನನ್ನ ಗೀರಿನ ಹತ್ತಿರ ಹತ್ತಿರ ಬರುತ್ತಿತ್ತು. "ನೋಡ್ತಿರು ಅಣ್ಣ, ಬರೋ ವರ್ಸ ನಿನ್ ಮೀರುಸ್ಬುಡ್ತೀನಿ" ಎನ್ನುತ್ತಿದ್ದಳು. ಮೀರಿಸಿದರೆ ಏನು ಮಾಡುತ್ತೀಯೆ ಎಂದರೆ, ಅಟ್ಟದ ಮೇಲಿನ ಬೆಲ್ಲದ ಮಡಕೆಯನ್ನು ತಾನೇ ಇಳಿಸುತ್ತಾಳಂತೆ, ನನ್ನನ್ನು ಕೇಳುವುದಿಲ್ಲವಂತೆ. ಅವಳ ಜೀವನದ ಆಸೆ ಅಷ್ಟೇ ಇತ್ತು.

ಆ ಯುಗಾದಿಗೆ ಅವಳು ಮೀರಿಸಿದ್ದಳು. ಅಂಗಳದಲ್ಲಿ ಬೆನ್ನಿಗೆ ಬೆನ್ನು ಕೊಟ್ಟು ನಿಂತಾಗಲೇ ನನಗೆ ಗೊತ್ತಾಗಿತ್ತು, ಅವಳಿಗೂ ಗೊತ್ತಾಗಿತ್ತು. ಬೆಳಗಿನಿಂದ ಅವಳು ಕುಣಿಯುತ್ತಿದ್ದಳು. ಮೊದಲು ಅವಳನ್ನೇ ನಿಲ್ಲಿಸಿದರು, ಗೀರು ಹಾಕಿದರು, ಚುಕ್ಕಿ ಇಟ್ಟರು. ಆಮೇಲೆ ನಾನು ಹತ್ತಿದೆ. ತಾತನಿಗೆ ಆಗಲೇ ಕಣ್ಣಿಗೆ ಪೊರೆ ಬಂದಿತ್ತು, ಸ್ಲೇಟನ್ನೂ ಕೈಯಿಂದ ಸವರಿಯೇ ಮಟ್ಟ ನೋಡುತ್ತಿದ್ದರು. ಸ್ಲೇಟು ತಲೆಗೆ ತಾಕಿದ ಕೂಡಲೇ ನಾನು ಹಿಮ್ಮಡಿ ಎತ್ತಿದೆ.

"ತಾತಾ! ಅಣ್ಣ ಇಮ್ಮಡಿ ಎತ್ತವ್ನೆ ಕಣ್ ತಾತಾ!" ಪುಟ್ಟತಾಯಿ ಕಿರುಚಿದಳು.

ತಾತನ ಕೈ ನಿಂತಿತು. "ಎತ್ತಿದ್ದೀಯೇನ್ಲಾ?"

"ಇಲ್ಲ ತಾತ." ಅಷ್ಟರಲ್ಲಿ ಹಿಮ್ಮಡಿ ಇಳಿಸಿದ್ದೆ. ಸ್ಲೇಟು ಕಂಬಕ್ಕೆ ಒತ್ತಿಕೊಂಡು ಮೇಲೇ ನಿಂತಿತ್ತು.

"ಕಂಬ ಮುಟ್ಟಿ ಯೋಳು."

ಮೈಯೆಲ್ಲ ಕಂಬಕ್ಕೆ ತಾಕಿಕೊಂಡೇ ನಿಂತಿದ್ದೆನಲ್ಲ, ಮತ್ತೆ ಬೇರೆ ಮುಟ್ಟುವುದೇನು? ಆದರೂ ಕೈ ಹಿಂದಕ್ಕೆ ಚಾಚಿ ಅಂಗೈ ಇಟ್ಟೆ. "ಎತ್ತಿಲ್ಲ" ಎಂದೆ.

ತಾತ ಗೀರು ಹಾಕಿದರು. ಅವಳ ಗೀರಿಗಿಂತ ಒಂದು ಬೆರಳು ಮೇಲೆ. ಪುಟ್ಟತಾಯಿ ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿರುತ್ತಿತ್ತು. ನನ್ನನ್ನು ನೋಡಿದಳು. ಕೆಂಚಪ್ಪನೇ ಮುಟ್ಟದ ಕಂಬವನ್ನು ಅಣ್ಣ ಮುಟ್ಟಿ ಸುಳ್ಳು ಹೇಳಿದನಲ್ಲ ಎಂಬುದು ಅವಳಿಗೆ ಅರ್ಥವೇ ಆಗಲಿಲ್ಲ ಅನ್ನಿಸುತ್ತದೆ. ತನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡಳೋ ಏನೋ. ಮಧ್ಯಾಹ್ನ ನನ್ನ ಎಲೆಗೆ ತನ್ನ ಪಾಲಿನ ಅರ್ಧ ಒಬ್ಬಟ್ಟು ಹಾಕಿ, "ಬರೋ ವರ್ಸ ನೋಡ್ಕೋ" ಎಂದಳು.

ಬರುವ ವರ್ಷ ಅವಳಿಗೆ ಬರಲಿಲ್ಲ. ಆಷಾಢದಲ್ಲಿ ಜ್ವರ ಬಂತು. ಮೂರು ದಿನ ಕಷಾಯ, ನಾಲ್ಕನೆಯ ದಿನ ಗಾಡಿ ಕಟ್ಟಿಕೊಂಡು ಆಸ್ಪತ್ರೆಗೆ ಒಯ್ದರು. ಮಿದುಳಿಗೆ ಏರಿದೆ ಎಂದರಂತೆ. ವಾಪಸು ಬಂದ ಗಾಡಿಯಲ್ಲಿ ಅವ್ವ ಅವಳನ್ನು ತೊಡೆಯ ಮೇಲೆ ಉದ್ದಕ್ಕೆ ಮಲಗಿಸಿಕೊಂಡಿದ್ದಳು. ಹಚ್ಚಡದಿಂದ ಕಾಲು ಹೊರಗೆ ಬಂದಿತ್ತು. ಎಷ್ಟು ಉದ್ದವಾಗಿದ್ದಾಳೆ ಎಂದು ನನಗೆ ಆಗಲೂ ಅನ್ನಿಸಿತು, ಅಂಥ ಹಾಳು ಮನಸ್ಸು ನನ್ನದು.

ಅಜ್ಜಿ ಅದೇ ಕಂಬಕ್ಕೆ ತಲೆ ಚಚ್ಚಿಕೊಂಡು ಅತ್ತಳು. "ಅಳೀಬ್ಯಾಡಿ ಅಂತ ಬಡ್ಕಂಡೆ. ನಿಮ್ ಉಳಿ ನನ್ ಕೂಸ್ನ ತಿಂತಲ್ರೀ!" ಎಂದಳು. ತಾತ ಉಳಿಯನ್ನು ಅಟ್ಟದ ಮೇಲೆ ಎಸೆದರು, ಮತ್ತೆ ಮುಟ್ಟಲಿಲ್ಲ. ಜಗಳ ಹೊತ್ತುಕೊಂಡು ಜನ ಬಂದರೆ "ಬ್ಯಾರೆ ಯಾರತ್ರನಾರ ಓಗ್ರಪ್ಪ" ಎಂದು ಕಳಿಸಿಬಿಡುತ್ತಿದ್ದರು. ಆ ಮನೆಯಲ್ಲಿ ಆಮೇಲೆ ಯಾರೂ ಕಂಬ ಮುಟ್ಟಿ ಆಣೆ ಮಾಡಲಿಲ್ಲ. ಕೊನೆಯ ಆಣೆ ನನ್ನದೇ.

ಹತ್ತು ವರ್ಷದ ಹುಡುಗನಿಗೆ ಮಿದುಳು ಜ್ವರ ಗೊತ್ತಿಲ್ಲ, ಆಣೆ ಗೊತ್ತು. ಕಂಬ ಮುಟ್ಟಿ ಸುಳ್ಳು ಹೇಳಿದ್ದು ನಾನು, ಹೋದದ್ದು ಅವಳು. ಈಗ ನನಗೆ ಬುದ್ಧಿ ಬಂದಿದೆ, ಪಾಠ ಹೇಳಿ ನಿವೃತ್ತನಾಗಿದ್ದೇನೆ, ಹಾಗೆಲ್ಲ ಇಲ್ಲ ಎಂದು ಗೊತ್ತು. ಗೊತ್ತಿದ್ದರೂ ಒಂದು ಸಂಗತಿಗೆ ನನಗೆ ಕ್ಷಮೆ ಇಲ್ಲ. ನಾನು ಕಾಲೇಜಿನಲ್ಲಿದ್ದಾಗ ತಾತ ಹಾಸಿಗೆ ಹಿಡಿದರು. ಒಂದು ಸಂಜೆ ಗಂಜಿ ಕುಡಿಸುತ್ತಿದ್ದೆ. ನನ್ನ ಮಣಿಕಟ್ಟು ಹಿಡಿದುಕೊಂಡು, "ಆ ಗೀರಾಕ್ಬಾರ್ದಿತ್ತು ಕಣ್ಲಾ ಮಗ. ನಿಮ್ಮಜ್ಜಿ ಯೋಳಿದ್ದೇ ದಿಟ" ಎಂದರು. ಆಗ ಹೇಳಬಹುದಿತ್ತು. ತಪ್ಪು ನಿನ್ನ ಉಳಿಯದಲ್ಲ ತಾತ, ನನ್ನ ಹಿಮ್ಮಡಿಯದು ಅಂತ. ಒಂದೇ ಮಾತು. ನಾನು ಹೇಳಿದ್ದು, "ಗಂಜಿ ಆರೋಯ್ತದೆ, ಕುಡಿ ತಾತ." ತಾತ ಆ ಭಾರ ಹೊತ್ತುಕೊಂಡೇ ಹೋದರು.

ಮನೆಗೆ ಆಮೇಲೆ ಬಂದದ್ದು ಎಲ್ಲ ದೊಡ್ಡ ಮನೆಗಳಿಗೆ ಬರುವುದೇ. ದಾಯಾದಿಗಳು ಒಬ್ಬೊಬ್ಬರು ಒಂದೊಂದು ಕಡೆ ಹೊಸ ಮನೆ ಕಟ್ಟಿಕೊಂಡರು, ಹೆಂಚು ಕೈಯಾಡಿಸಿ ಮತ್ತೆ ಹೊದಿಸುವವರು ಸಿಗಲಿಲ್ಲ, ತೊಟ್ಟಿಗೆ ಬೀಳಬೇಕಾದ ನೀರು ನಡುಮನೆಗೂ ಬೀಳತೊಡಗಿತು. ಎರಡು ವರ್ಷದ ಕೆಳಗೆ ಎಲ್ಲರೂ ಸೇರಿ ಬಿಚ್ಚಿಸಿ ಕೊಟ್ಟುಬಿಡುವುದೆಂದು ತೀರ್ಮಾನಿಸಿದರು. ನಾನೂ ಸಹಿ ಹಾಕಿದೆ. ಮರವನ್ನು ತೆಗೆದುಕೊಂಡವರು ಬೀಚನಹಳ್ಳಿ ಕಡೆ, ಕಬಿನಿಯ ಹಿನ್ನೀರಿನ ದಡದ ಒಂದು ರೆಸಾರ್ಟಿನವರು. ಬಿಚ್ಚಲು ಅದೇ ಕಡೆಯ ಊರಾದ ಹ್ಯಾಂಡ್‌ಪೋಸ್ಟಿನಿಂದ ಸಿದ್ದಾಚಾರಿ ಎಂಬ ಬಡಗಿ ಬಂದ. ಒಂದೊಂದು ತೊಲೆಗೂ ಕಂಬಕ್ಕೂ ಸೀಮೆಸುಣ್ಣದಲ್ಲಿ ನಂಬರು ಹಾಕಿ, ಪ್ರತಿ ಕಂಬದ ಬುಡಕ್ಕೆ ಒಂದು ಗುರುತು ಮಾಡುತ್ತಿದ್ದ. ಅದ್ಯಾಕೆ ಎಂದೆ. "ಮರ ಯಂಗ್ ಬೆಳ್ದಿತ್ತೋ ಅಂಗೇ ನಿಲ್ಲುಸ್ಬೇಕು ಸಾ. ಬುಡ ಮ್ಯಾಕಾದ್ರೆ ಮನೆಗಾಗಕ್ಕಿಲ್ಲ" ಎಂದ. ಬೋಳು ಕಂಬವನ್ನು ಲಾರಿಗೆ ಏರಿಸುವಾಗ ನಾನು ಕಾಫಿ ಕುಡಿಯುವ ನೆಪದಲ್ಲಿ ರಾವಂದೂರಿಗೆ ಹೋಗಿಬಿಟ್ಟೆ.

ಕಳೆದ ಚಳಿಗಾಲದಲ್ಲಿ ಮಹದೇವ ಫೋನ್ ಮಾಡಿದ. ನನ್ನ ಹಳೆಯ ಶಿಷ್ಯ, ಆ ರೆಸಾರ್ಟಿನಲ್ಲೇ ಕೆಲಸ. "ಬನ್ನಿ ಸಾ, ನಿಮ್ ಮನೆ ಎಂಗ್ ನಿಂತದೆ ನೋಡ್ಕಂಡ್ ಓಗೀರಂತೆ" ಎಂದು ಬಲವಂತ ಮಾಡಿದ. ಹೋದೆ. ಮನೆ ನಿಂತಿತ್ತು, ನಿಜ. ತೊಟ್ಟಿಯಲ್ಲಿ ದೋಣಿಯ ನೀರಿನ ಬದಲು ಬಣ್ಣದ ಮೀನು. ಅಜ್ಜಿಯ ಒರಳಿನಲ್ಲಿ ನೀರು ತುಂಬಿ ಗುಲಾಬಿ ಎಸಳು ತೇಲಿಸಿದ್ದರು. ನನಗೆ ಉರಿದುಹೋಯಿತು. ಅಜ್ಜಿ ಕಂಡಿದ್ದರೆ ಎಸಳನ್ನು ಆಚೆ ಚೆಲ್ಲಿ ಅಕ್ಕಿ ನೆನೆಹಾಕುತ್ತಿದ್ದಳು.

ಕಂಬಗಳನ್ನು ಮೊಣಕಾಲುದ್ದದ ಹೊಸ ಕಲ್ಲುಪೀಠಗಳ ಮೇಲೆ ನಿಲ್ಲಿಸಿ ಫಳಫಳ ಅನ್ನುವಂತೆ ಬಣ್ಣ ಹೊಡೆದಿದ್ದರು. ಬೋಳು ಕಂಬದ ಮುಂದೆ ನಿಂತಾಗ ಗೀರುಗಳು ಕಾಣಲಿಲ್ಲ. ಎದೆಯ ಮಟ್ಟದಲ್ಲಿ ಹುಡುಕಿದೆ, ಸೊಂಟದ ಮಟ್ಟದಲ್ಲಿ ಹುಡುಕಿದೆ. ಉಜ್ಜಿ ಅಳಿಸಿಬಿಟ್ಟರೇನೋ ಎಂದು ಅಂಗೈಯಿಂದ ಮತ್ತೆ ಸವರಿ ನೋಡಿದೆ. ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಎತ್ತರದ ಬಿಳಿ ಹೆಂಗಸೊಬ್ಬಳು ಕೈ ಚಾಚಿ, ನನ್ನ ತಲೆಗಿಂತ ಮೇಲೆ ಏನನ್ನೋ ಬೆರಳಿನಿಂದ ಸವರಿ, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಆಕೆಯೇ ಕ್ಲೇರ್.

ಕತ್ತೆತ್ತಿ ನೋಡಿದೆ. ಗೀರುಗಳು ಅಲ್ಲಿದ್ದವು. ಮೇಲೆ ಇರಬೇಕಾದ ಚುಕ್ಕಿಗಳು ಗೀರಿನ ಕೆಳಗಿದ್ದವು. ಆಗ ಹೊಳೆಯಿತು, ಕಂಬವನ್ನು ತಲೆಕೆಳಗು ಮಾಡಿ ನಿಲ್ಲಿಸಿದ್ದಾರೆ. ನೆಲ ಸಾರಿಸಿದ ನೀರು ಕುಡಿದು ಕುಡಿದು ಬುಡ ಸ್ವಲ್ಪ ಕೆಟ್ಟಿತ್ತು, ಅದು ಕಾಣದಿರಲೆಂದು ಮೇಲಕ್ಕೆ ಮಾಡಿರಬೇಕು. ಕೆಳಗಿದ್ದ ಗೀರು ಮೇಲೆ ಹೋಗಿತ್ತು, ಮೇಲಿದ್ದದ್ದು ಕೆಳಗೆ ಬಂದಿತ್ತು. ಅದನ್ನು ಲೆಕ್ಕ ಹಾಕಲು ಪಾವು ಮೇಷ್ಟ್ರಿಗೆ ತುಸು ಹೊತ್ತು ಹಿಡಿಯಿತು. ಯಾವ ವರ್ಷದ್ದನ್ನು ನೋಡಿದರೂ ಪುಟ್ಟತಾಯಿ ನನಗಿಂತ ಮೇಲಿದ್ದಳು. ಕೊನೆಯ ಯುಗಾದಿಯ ಜೋಡಿ ಗೀರಿನಲ್ಲೂ ಅವಳದ್ದೇ ಮೇಲೆ, ಒಂದು ಬೆರಳು.

ಅಲ್ಲೇ ಕಲ್ಲುಪೀಠದ ಮೇಲೆ ಕೂತೆ. ಹೆಂಡತಿಗೂ ಹೇಳದ ಮಾತನ್ನು ಗುರುತು ಪರಿಚಯವಿಲ್ಲದ ಆ ಹೆಂಗಸಿಗೆ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಭಾಷೆ ಬೇರೆಯಾದದ್ದಕ್ಕೇ ಹೇಳಲಾಯಿತು. ಆಕೆ ಸಮಾಧಾನದ ಮಾತು ಒಂದೂ ಆಡಲಿಲ್ಲ, ತನ್ನ ಹುಟ್ಟೂರಿನ ಆ ಕಲ್ಲು ಮನೆಯ ಕತೆ ಹೇಳಿದಳು. ಆಕೆಯ ಅಜ್ಜಿ ಅಲ್ಲಿ ಅಡುಗೆ ಮಾಡುತ್ತಿದ್ದಳಂತೆ, ಈಕೆ ಚಿಕ್ಕವಳಿದ್ದಾಗ ಗೋಪುರದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋಗಿ ಆಡುತ್ತಿದ್ದಳಂತೆ. ಅಟ್ಟದ ತೊಲೆಗಳ ಮೇಲೆ, ಯಾವುದು ಎಲ್ಲಿ ಕೂರಬೇಕೆಂದು ಆ ಕಾಲದ ಬಡಗಿಗಳು ಕೊರೆದ ಗುರುತುಗಳು ಹಾಗೇ ಇವೆಯಂತೆ. ಹೊರಡುವಾಗ ನನ್ನ ವಿಳಾಸ ಬರೆದುಕೊಂಡಳು. ಮೂರು ತಿಂಗಳ ಮೇಲೆ ಬಂದ ಕಾರ್ಡಿನ ಬೆನ್ನಿಗೆ ಆಕೆ ಬರೆದದ್ದು ಇಷ್ಟೇ: ಮತ್ತೆ ಹತ್ತಿ ನೋಡಿ ಬಂದೆ. ಒಂದು ತೊಲೆ ತಪ್ಪು ಜಾಗದಲ್ಲಿದೆ. ಐನೂರು ವರ್ಷದಿಂದ ಯಾರೂ ಸರಿ ಮಾಡಿಲ್ಲ. ಮನೆ ನಿಂತಿದೆ.

ಆ ಕಾರ್ಡಿನ ಮೇಲೇ ಹಾಲಿನ ಪಾತ್ರೆ ಕೂತದ್ದು. ಒರೆಸುತ್ತ ನಿಂತಿದ್ದಾಗ ಫೋನ್ ಬಂತು. ಮಹದೇವ.

"ಸಾ, ಸಿದ್ದಾಚಾರಿ ಇಲ್ಗೆ ಬಂದವ್ನೆ. ಆ ಬೋಳು ಕಂಬ ನೋಡಿ ಎಗರಾಡ್ತಾವ್ನೆ. ಬುಡ ಮ್ಯಾಲಾಗದಂತೆ. ಮ್ಯಾನೇಜರೂ ಒಪ್ಪವ್ರೆ, ಗುರುವಾರ ಜಾಕಿ ಕೊಟ್ಟು ತಿರುಗುಸ್ಬುಡ್ತೀವಿ. ನಿಮ್ಗೊಂದ್ ಮಾತು ಯೋಳ್ಬುಡನ ಅಂತ."

"ಆಚಾರೀನ ಕರಿಯಪ್ಪ" ಎಂದೆ.

ಸಿದ್ದಾಚಾರಿ ಫೋನ್ ತೆಗೆದುಕೊಂಡವನೇ ಶುರುಮಾಡಿದ. "ನಾನ್ ಗುರ್ತಾಕಿದ್ದೆ ಸಾ, ಬಣ್ಣ ಒಡ್ದು ಅಳಿಸ್ಬುಟ್ಟವ್ರೆ ಲೌಡಿ ಮಕ್ಳು. ನೀವೇನ್ ಯೋಚ್ನೆ ಮಾಡ್ಬ್ಯಾಡಿ, ನಾನ್ ಸರಿ ಮಾಡ್ತೀನಿ."

"ತಿರುಗಿಸಬೇಡಿ ಆಚಾರಿ. ಹಾಗೇ ಇರಲಿ."

"ದೋಸ ಕಣ್ ಸಾ ಅದು!"

"ದೋಷ ಕಂಬದ್ದಲ್ಲ, ನನ್ನದು" ಎಂದೆ. ಅವನಿಗೆ ಅರ್ಥವಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನನ್ನಾಕೆ ಸೌಟು ಹಿಡಿದು ನಿಂತು ಕೇಳುತ್ತಿದ್ದಳು. ನಿಂತಿರಲಿ, ಅವಳೂ ಕೇಳಲಿ ಅನ್ನಿಸಿತು. "ಆ ಕಂಬದ ಮೇಲೆ ಗೀರುಗಳಿವೆಯಲ್ಲ, ನಾನು ನನ್ನ ತಂಗಿ. ಕೊನೇ ವರ್ಷ ಅವಳೇ ಎತ್ತರ ಇದ್ದಳು. ನಾನು ಹಿಮ್ಮಡಿ ಎತ್ತಿ ನಿಂತು, ಕಂಬ ಮುಟ್ಟಿ ಎತ್ತಿಲ್ಲ ಅಂದೆ. ಮುಂದಿನ ಯುಗಾದಿಗೆ ಅವಳಿರಲಿಲ್ಲ ಆಚಾರಿ."

ಕನ್ನಡದಲ್ಲಿ ಅದನ್ನು ಹೇಳಿದ್ದು ಅದೇ ಮೊದಲು. ಆ ಕಡೆಯಿಂದ ಹೆಜ್ಜೆ ಸಪ್ಪಳ ಕೇಳಿತು. ಜಾಣ, ಗೀರು ನೋಡಲು ಕಂಬದ ಹತ್ತಿರ ಹೋಗಿದ್ದನೆಂದು ಕಾಣುತ್ತದೆ.

"ಚುಕ್ಕಿ ಇರದು ತಂಗೇವ್ವಂದಾ ಸಾ?"

"ಹೂಂ."

"ಎಷ್ಟೆತ್ತಿದ್ರಿ?"

"ಒಂದು ಬೆರಳು ಮೇಲೆ ಬರೋ ಅಷ್ಟು."

"ಸರಿ ಬುಡಿ ಸಾ" ಎಂದ ಸಿದ್ದಾಚಾರಿ. "ತಂಗೇವ್ವ ಮ್ಯಾಲೇ ಇರ್ಲಿ."

ಫೋನ್ ಇಟ್ಟು ಕೆಳಗೆ ನೋಡಿಕೊಂಡೆ. ಎರಡು ಹಿಮ್ಮಡಿಯೂ ನೆಲಕ್ಕೆ ಒತ್ತಿಕೊಂಡೇ ಇದ್ದವು.